ಏಕೋಣಸತ್ತರ್

ಮೆಟ್ರಿಕ್‌ನಲ್ಲಿ ನಿಮಗೆ ಎಷ್ಟು ಮಾರ್ಕು ಬಿದ್ದಿದ್ದವು? ಮೊಮ್ಮಕ್ಕಳಿಗೆ ಹೇಳುವ ಲೆಕ್ಕ ಬೇಡ, ನಿಜವಾದದ್ದು ಹೇಳಿ. ನಾಚಿಕೆ ಬಿಡಿ, ನಾನೇನು ನಿಮ್ಮ ಮನೆಗೆ ಬಂದು ಟ್ರಂಕು ತೆಗೆಸಿ ಮಾರ್ಕ್‌ಶೀಟ್ ನೋಡುವುದಿಲ್ಲ. ನನಗೆ ನಲವತ್ತೆಂಟು. ಮೊಮ್ಮಗಳು ಇಶಾಗೆ ಅರವತ್ತೆಂಟು ಅಂತ ಹೇಳಿದ್ದೇನೆ. ಉಳಿದ ಇಪ್ಪತ್ತು ನನ್ನ ವಯಸ್ಸಿಗೆ ನಾನೇ ಕೊಟ್ಟುಕೊಂಡದ್ದು.

ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಕಲಿಸಿದವಳೂ ಇಶಾನೇ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಆದರೂ ಕಲಿಸಿದಳು. ನಾನು ‘ಅಕ್ಕ’ ಅಂತ ಒತ್ತಿದರೆ ಫೋನು ‘ಅಕ್ಕಿ’ ಅಂತ ಮುಂದೆ ಹಿಡಿಯುತ್ತದೆ. ಈ ಬರಹದಲ್ಲಿ ಎಲ್ಲಾದರೂ ಅಕ್ಕಿ ಡಾಕ್ಟರಾಗಲು ಹೊರಟರೆ ಅದು ನನ್ನ ಅಕ್ಕ ಅಂತ ತಿಳಿದುಕೊಳ್ಳಿ.

ಈ ಮಳೆಗಾಲದ ಶುರುವಿನಲ್ಲಿ ಇಶಾಳ ಜೊತೆ ಮುಂಬಯಿಯ ವಿಲೆ ಪಾರ್ಲೆಗೆ ಹೋಗಿದ್ದೆ. ಅವಳಿಗೆ ಅಲ್ಲಿಯ ಒಂದು ಕಾಲೇಜು ಬೇಕಾಗಿತ್ತು. ಗೇಟಿನ ಹೊರಗೆ ನಿಂತು ಫೋನು ತೆಗೆದು ಲಿಸ್ಟ್ ನೋಡಿದವಳು ಅಲ್ಲೇ ಅಳತೊಡಗಿದಳು.

“ಅಜ್ಜಿ, ಪಾಯಿಂಟ್ ಫೋರ್ ಕಮ್ಮಿ. ಓನ್ಲಿ ಪಾಯಿಂಟ್ ಫೋರ್! ಲೈಫ್ ಖತಮ್.”

“ಪಾಯಿಂಟ್ ನಾಲ್ಕು ಅಂದ್ರ ಎಷ್ಟವಾ? ಚಮಚಾದಾಗ ಹಿಡಿಸ್ತೈತೇನು?” ಅಂದೆ. ಅವಳು ನಗಲಿಲ್ಲ. ಮಳೆ ಬೇರೆ. ಕೈ ಹಿಡಿದು ಸ್ಟೇಶನ್ ಹತ್ತಿರದ ಒಂದು ಉಡುಪಿ ಹೋಟೆಲಿಗೆ ಕರೆದುಕೊಂಡು ಹೋದೆ. ಗಲ್ಲಾದ ಮೇಲೆ ದೇವರ ಫೋಟೋ, ಅದರ ಮುಂದೆ ಊದುಬತ್ತಿ. ಆ ಹೊಗೆ, ಒದ್ದೆ ಕೊಡೆಗಳ ವಾಸನೆ, ಒಳಗಿನಿಂದ ಬರುವ ಸಾಂಬಾರಿನ ಹಬೆ ಮೂರೂ ಸೇರಿ ಮೂಗಿಗೆ ಬಡಿದಾಗ ನನ್ನ ಬಲಗೈ ತಾನಾಗಿ ಎದ್ದು ಕಿವಿಯ ಹತ್ತಿರ ಹೋಯಿತು, ಟೆಲಿಫೋನಿನ ರಿಸೀವರ್ ಹಿಡಿದ ಹಾಗೆ. ಇಶಾ ಅಳು ನಿಲ್ಲಿಸಿ, “ಅಜ್ಜಿ, ವಾಟ್ ಹ್ಯಾಪನ್ಡ್?” ಅಂದಳು. ಏನಿಲ್ಲ ಅಂದೆ. ಏನಿಲ್ಲ ಅನ್ನುವುದು ನನಗೆ ಹಳೆಯ ರೂಢಿ.

ಅದು ಸಾವಿರದ ಒಂಬೈನೂರ ಎಪ್ಪತ್ತರ ಮಳೆಗಾಲ. ನನಗೆ ಹದಿನಾಲ್ಕು, ಅಕ್ಕ ಗಂಗಾಗೆ ಹದಿನೆಂಟು. ನಾವು ಪಾರ್ಲೆ ಈಸ್ಟಿನ ಒಂದು ಚಾಳಿನ ಮೊದಲ ಮಾಳಿಗೆಯಲ್ಲಿದ್ದೆವು. ಒಂದೇ ಖೋಲಿ, ಮುಂದೆ ಎಲ್ಲ ಮನೆಗಳಿಗೂ ಸೇರಿದ ಉದ್ದದ ಗ್ಯಾಲರಿ. ಅಪ್ಪ ವಿಜಾಪುರದ ಕಡೆಯವನು, ಬಾಂದ್ರಾ ಸ್ಟೇಶನ್ನಿನ ಪಾರ್ಸಲ್ ಆಫೀಸಿನಲ್ಲಿ ಕಿಟಕಿ ಗುಮಾಸ್ತ. ಐದು ಹೊಡೆಯಿತೆಂದರೆ ಕಿಟಕಿ ಮುಚ್ಚುತ್ತಿದ್ದ. ಐದು ಗಂಟೆ ಒಂದು ನಿಮಿಷಕ್ಕೆ ಬಂದವನು ಒಡಹುಟ್ಟಿದ ಅಣ್ಣನೇ ಆದರೂ ನಾಳೆ ಬಾ ಅನ್ನುವವನು. ಒಮ್ಮೆ ಅಂದೂ ಇದ್ದ. ದೊಡ್ಡಪ್ಪ ಆರು ತಿಂಗಳು ನಮ್ಮ ಮನೆಯ ಚಹಾ ಕುಡಿಯಲಿಲ್ಲ.

ಗಂಗಕ್ಕನಿಗೆ ಡಾಕ್ಟರ್ ಆಗಬೇಕಿತ್ತು. ಅದು ಹೇಗೆ ಹುಟ್ಟಿತು ಅಂದರೆ, ಅವಳಿಗೆ ಹನ್ನೆರಡು ಇದ್ದಾಗ ಅವ್ವನಿಗೆ ಹೊಟ್ಟೆಯ ಕೆಳಗೆ ನೋವು ಶುರುವಾಗಿತ್ತು. ಅವ್ವನಿಗೆ ಕನ್ನಡ ಬಿಟ್ಟು ಏನೂ ಬಾರದು. ಮುನಸಿಪಾಲ್ಟಿ ದವಾಖಾನೆಯಲ್ಲಿ ಡಾಕ್ಟರು ಮರಾಠಿಯಲ್ಲಿ ಕೇಳಿದ್ದನ್ನೆಲ್ಲ ಗಂಗಕ್ಕ ಅವ್ವನಿಗೆ ಹೇಳಬೇಕು, ಅವ್ವ ತಲೆ ತಗ್ಗಿಸಿ ಹೇಳಿದ್ದನ್ನು ಡಾಕ್ಟರಿಗೆ ಹೇಳಬೇಕು. ಹೆಂಗಸರ ನೋವು. ಹನ್ನೆರಡು ವರ್ಷದ ಹುಡುಗಿಗೆ ಅರ್ಧ ಮಾತು ಗೊತ್ತಿಲ್ಲ, ಇನ್ನರ್ಧ ಬಾಯಿಂದ ಹೊರಡುವುದಿಲ್ಲ. ಕೊನೆಗೆ ಅವ್ವ, “ಹೋಗ್ಲಿ ಬಿಡವಾ, ಹೊಟ್ಟಿ ನೋಯ್ತೈತಿ ಅಂತಷ್ಟ ಹೇಳು” ಅಂದಳಂತೆ. ಜಂತಿನ ಔಷಧ ಕೊಟ್ಟು ಕಳಿಸಿದರು. ಅವ್ವನಿಗೆ ಆ ನೋವು ಬಹಳ ವರ್ಷ ಇತ್ತು. ಧಾರಾವಿಯಲ್ಲಿ, ಬಾಂದ್ರಾದ ಕಟ್ಟಡದ ಕೆಲಸದಲ್ಲಿ ನಮ್ಮ ಕಡೆಯ ಹೆಂಗಸರು ಎಷ್ಟೋ ಜನ ಹೀಗೇ ನೋವು ಕಟ್ಟಿಕೊಂಡು ಇಟ್ಟಿಗೆ ಹೊರುತ್ತಿದ್ದರು. ಕನ್ನಡದಲ್ಲಿ ಹೇಳಿಕೊಳ್ಳಬಹುದಾದ ಒಬ್ಬ ಡಾಕ್ಟರ್ ಈ ಊರಲ್ಲಿ ಇರಬೇಕು, ಅದು ತಾನೇ ಆಗಬೇಕು ಅನ್ನುವುದು ಅಕ್ಕನ ಹಟ.

ಆ ಕಾಲದಲ್ಲಿ ಮುಂಬಯಿಯಲ್ಲಿ ಮೆಟ್ರಿಕ್ ಆದ ಮೇಲೆ ಎರಡು ವರ್ಷ ಕಾಲೇಜು, ಎರಡನೆಯದಕ್ಕೆ ಇಂಟರ್ ಸೈನ್ಸ್ ಅನ್ನುತ್ತಿದ್ದರು. ಇಂಟರಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರರಲ್ಲಿ ಎಷ್ಟು ಬೀಳುತ್ತದೋ ಅದರ ಮೇಲೆ ಮೆಡಿಕಲ್ ಸೀಟು. ಬೇರೆ ಏನನ್ನೂ ಕೇಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಬಯಾಲಜಿಯ ದೊಡ್ಡ ಕೆಲಸ ನನ್ನದು, ಜಿರಳೆ ಹಿಡಿಯುವುದು. ಚಾಳಿನ ಸಂಡಾಸಿನ ಸಾಲಿನಲ್ಲಿ ಅವಕ್ಕೇನೂ ಬರ ಇರಲಿಲ್ಲ. ದಪ್ಪನೆಯವು ಬೇಕು, ಕಾಲು ಮುರಿದಿರಬಾರದು ಅಂತ ಗಂಗಕ್ಕನ ಕಟ್ಟಪ್ಪಣೆ. ಒಂದು ಸಲ ಅವ್ವನ ತಾಟಿನಲ್ಲಿ ಮೇಣ ಹಾಕಿ, ಅದರ ಮೇಲೆ ಜಿರಳೆಗೆ ಸೂಜಿ ಚುಚ್ಚಿ ಮಲಗಿಸಿ ಕುಯ್ಯುತ್ತಿದ್ದಳು. ಅವ್ವ ನೋಡಿದಳು. ತಾಟು, ಜಿರಳೆ, ಸೂಜಿ ಎಲ್ಲ ಒಟ್ಟಿಗೆ ಗ್ಯಾಲರಿಯಿಂದ ಕೆಳಗೆ ಹೋದವು. ಗಂಗಕ್ಕ ಓಡಿಹೋಗಿ ಜಿರಳೆಯನ್ನು ಮಾತ್ರ ಎತ್ತಿಕೊಂಡು ಬಂದಳು.

ಇಂಟರಿನ ರಿಸಲ್ಟು ಬಂದಾಗ ಮೂರೂ ಸೇರಿ ಮುನ್ನೂರಕ್ಕೆ ಇನ್ನೂರಾ ಹತ್ತು. ಎಪ್ಪತ್ತು ಪರ್ಸೆಂಟು. ಚಾಳಿನಲ್ಲಿ ಆವರೆಗೆ ಯಾರಿಗೂ ಅಷ್ಟು ಬಿದ್ದಿರಲಿಲ್ಲ. ಶಾಲಿನಿ ಕಾಕು ಅಂತ ಪಕ್ಕದ ಖೋಲಿಯ ಮರಾಠಿ ಹೆಂಗಸು ಬಂದು ಅಕ್ಕನ ಗಲ್ಲ ಹಿಂಡಿ ಹೋದಳು. ಅಪ್ಪ ಮಾರ್ಕ್‌ಶೀಟನ್ನು ಎರಡೂ ಕೈಯಲ್ಲಿ ಹಿಡಿದು, “ಮಾರ್ಕಿಗೆ ವಶೀಲಿ ಬೇಕಾಗಿಲ್ಲ ನೋಡು. ನಮ್ಮಂಥಾವರಿಗೆ ಇದೊಂದs ದಾರಿ. ಯಾರ ಮಗಳು, ಯಾವ ಊರು ಅಂತ ಈ ಕಾಗದ ಕೇಳಂಗಿಲ್ಲ” ಅಂದ.

ಟೌನ್ ಕಡೆಯ, ಅಂದರೆ ದಕ್ಷಿಣ ಮುಂಬಯಿಯ, ಒಂದು ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದ್ದಳು. ಮೊದಲ ಲಿಸ್ಟು ಎಪ್ಪತ್ತೆರಡಕ್ಕೆ ನಿಂತಿತು. ಕೆಲವರು ಬೇರೆ ಕಡೆ ಹೋಗಿ ಸೀಟು ಖಾಲಿಯಾಗುತ್ತವೆ, ಎರಡನೇ ಲಿಸ್ಟು ಬರುತ್ತದೆ ಅಂದರು. ಗಂಗಕ್ಕ ದಿನಾ ಲೋಕಲ್ ಹಿಡಿದು ಹೋಗಿ ನೋಟಿಸ್ ಬೋರ್ಡ್ ನೋಡಿ ಬರುತ್ತಿದ್ದಳು. ಮನೆಗೆ ಕಾಗದ ಬರೆಯುವ ಪದ್ಧತಿ ಇರಲಿಲ್ಲ. ಬೋರ್ಡಿನ ಮೇಲೆ ಒಂದು ಅಂಕಿ ಬೀಳುತ್ತದೆ. ಆ ಅಂಕಿ ಅಥವಾ ಅದಕ್ಕಿಂತ ಹೆಚ್ಚು ಇದ್ದವರು ಮರುದಿನ ಸಂಜೆ ಐದರೊಳಗೆ ಒರಿಜಿನಲ್ ಮಾರ್ಕ್‌ಶೀಟ್ ಹಿಡಿದು ಕಿಟಕಿಗೆ ಬರಬೇಕು. ಬಾರದವರ ಸೀಟು ಕೆಳಗಿನವರಿಗೆ.

ಎರಡನೇ ಲಿಸ್ಟಿನ ಗುರುವಾರ ಮಳೆ ಎಂಥ ಮಳೆ! ಹಳಿಯ ಮೇಲೆ ನೀರು ನಿಂತು ಲೋಕಲ್ ಬಂದ್. ಅಪ್ಪ ಬೆಳಿಗ್ಗೆಯೇ ಹೋಗಿ ಬಾಂದ್ರಾದಲ್ಲಿ ಸಿಕ್ಕಿಕೊಂಡಿದ್ದ. ಗಂಗಕ್ಕ ಕೊಡೆ ಹಿಡಿದು ಸ್ಟೇಶನ್ನಿಗೆ ಹೋದವಳು ಮೊಣಕಾಲಿನವರೆಗೆ ನೆನೆದು ವಾಪಸ್ ಬಂದಳು. ಕಾಲೇಜಿನ ಫೋನ್ ನಂಬರು ಅರ್ಜಿಯ ಪುಸ್ತಿಕೆಯಲ್ಲಿತ್ತು. ಮೂಲೆಯ ಉಡುಪಿ ಹೋಟೆಲಿನಲ್ಲಿ ಫೋನಿತ್ತು.

“ಸುನಂದಾ, ನೀ ಹೋಗಿ ಫೋನ್ ಮಾಡಿ ಕೇಳವಾ,” ಅಂದಳು ಗಂಗಕ್ಕ. “ಇಲ್ಲ ಅಂದ್ರ ಅದನ್ನ ನನ್ನ ಕಿವಿಲೆ ಕೇಳೂ ಧೈರ್ಯ ನನಗಿಲ್ಲ. ನಿನಗ ಮರಾಠಿ ಚಲೋ ಬರ್ತೈತಿ.”

ಅದು ನಿಜವೂ ಹೌದು, ಸುಳ್ಳೂ ಹೌದು. ನಾನು ಕನ್ನಡ ಶಾಲೆಯಲ್ಲಿ ಕಲಿತವಳು, ಆದರೆ ಚಾಳಿನ ಮಕ್ಕಳ ಜೊತೆ ಜಗಳವೆಲ್ಲ ಮರಾಠಿಯಲ್ಲೇ. ಬೈಗುಳ ನನಗೆ ಅವರಿಗಿಂತ ಚೆನ್ನಾಗಿ ಬರುತ್ತಿತ್ತು. ಮನೆಯಲ್ಲಿ ನಾನೇ ಮರಾಠಿ ಪಂಡಿತೆ ಅಂತ ಮೆರೆಯುತ್ತಿದ್ದೆ. ಅಂಕಿ ಮಾತ್ರ ಇಪ್ಪತ್ತರವರೆಗೆ. ಆಮೇಲಿನವು ಮೂವತ್ತು, ನಲವತ್ತು, ಎಪ್ಪತ್ತು ಅಂತ ಇಡಿಯಾದವು ಗೊತ್ತು, ನಡುವಿನವು ನನಗೆ ಯಾವತ್ತೂ ಬೇಕಾಗಿರಲಿಲ್ಲ. ತರಕಾರಿಯವನೂ ಅಷ್ಟು ದೂರ ಹೋಗುತ್ತಿರಲಿಲ್ಲ.

ಹೋಟೆಲಿನ ಭಟ್ಟರು ಫೋನನ್ನು ದೇವರ ಫೋಟೋದ ಕೆಳಗೆ ಇಟ್ಟಿದ್ದರು. ಅದಕ್ಕೂ ಸೇರಿ ಊದುಬತ್ತಿ ಬೆಳಗುತ್ತಿದ್ದರೋ ಏನೋ, ರಿಸೀವರ್ ಕಿವಿಗಿಟ್ಟರೆ ಗುಡಿಯೊಳಗೆ ತಲೆ ಹಾಕಿದ ಹಾಗೆ ವಾಸನೆ. ನಾಲ್ಕನೇ ಸಲಕ್ಕೆ ಲೈನು ಸಿಕ್ಕಿತು. ಆ ಕಡೆಯಿಂದ ಒಬ್ಬ ಗಂಡಸು, ಅವಸರದ ದನಿ. ಹಿಂದೆ ಇನ್ನೊಂದು ಫೋನು ಬಡಿದುಕೊಳ್ಳುತ್ತಿತ್ತು. ನಾನು ಲಿಸ್ಟ್ ಎಷ್ಟಕ್ಕೆ ನಿಂತಿತು ಅಂತ ಕೇಳಿದೆ.

“ಏಕೋಣಸತ್ತರ್,” ಅಂದ. “ಉದ್ಯಾ ಪಾಚ್ ವಾಜೇಪರ್ಯಂತ ಒರಿಜಿನಲ್ ಮಾರ್ಕ್‌ಶೀಟ್ ಘೇಊನ್ ಯಾ. ಕಳಲಂ ಕಾ?”

ನಾಳೆ ಐದರೊಳಗೆ ಒರಿಜಿನಲ್ ತನ್ನಿ, ಅದು ನೀರು ಕುಡಿದಷ್ಟು ಸರಳವಾಗಿ ತಿಳಿಯಿತು. ಮೊದಲಿನ ಮಾತು ಮಾತ್ರ ಕಿವಿಯಲ್ಲೇ ನಿಂತಿತು. ಸತ್ತರ್ ಅಂದರೆ ಎಪ್ಪತ್ತು. ಏಕ್ ಅಂದರೆ ಒಂದು. ನಾವು ಎಪ್ಪತ್ತರ ಬೆನ್ನಿಗೆ ಒಂದನ್ನು ಹಚ್ಚುತ್ತೇವೆ, ಇವರು ಒಂದನ್ನು ಮುಂದೆ ಇಡುತ್ತಾರೆ, ಅಷ್ಟೇ ತಾನೆ? ಎಪ್ಪತ್ತೊಂದು. ತಿಳಿಯಿತೇ ಅಂತ ಅವನು ಕೇಳುತ್ತಿದ್ದ. ಇನ್ನೊಂದು ಸಲ ಹೇಳಿ ಅನ್ನಬಹುದಿತ್ತು. ಪಂಡಿತೆ ಹಾಗೆ ಕೇಳುವುದುಂಟೇ? “ಹೋ, ಹೋ,” ಹೌದು ಹೌದು ಅಂದು ಫೋನಿಟ್ಟೆ.

ಭಟ್ಟರು ಮೂವತ್ತು ವರ್ಷದಿಂದ ಈ ಊರಿನಲ್ಲಿದ್ದವರು, ಮರಾಠಿಯಲ್ಲೇ ಕನಸು ಕಾಣುವವರು. ಅವರೂ ಕೇಳಿದರು. “ಎಂತ ಹೇಳಿದರು ಮಾರಾಯ್ತಿ? ಸಿಕ್ಕಿತಾ ಅಕ್ಕನಿಗೆ?”

“ಇಲ್ರೀ,” ಅಂದೆ. ಎಷ್ಟಕ್ಕೆ ನಿಂತಿತು ಅಂತ ಅವರು ಕೇಳಲಿಲ್ಲ. ಪಾಪ ಅಂತ ಬಾಯಿ ಚಪ್ಪರಿಸಿದರು.

ಗಂಗಕ್ಕ ಗ್ಯಾಲರಿಯಲ್ಲೇ ನಿಂತಿದ್ದಳು. “ಎಪ್ಪತ್ತೊಂದು” ಅಂದೆ. ಅವಳು ಒಳಗೆ ಹೋಗಿ ಮಾರ್ಕ್‌ಶೀಟ್ ತೆಗೆದು ಮತ್ತೆ ಕೂಡಿಸಿದಳು. ಅರವತ್ತೆಂಟು, ಅರವತ್ತೊಂಬತ್ತು, ಎಪ್ಪತ್ತಮೂರು. ಕೆಳಗಿನಿಂದ ಮೇಲಕ್ಕೆ ಕೂಡಿಸಿದರೂ ಇನ್ನೂರಾ ಹತ್ತೇ. ಆಮೇಲೆ ನನ್ನ ಕಡೆ ತಿರುಗಿ, “ಮೂರು ಮಾರ್ಕು ನೋಡು ಸುನಂದಿ. ಫಿಸಿಕ್ಸಿನ್ಯಾಗ ಒಂದು ಸಣ್ಣ ಲೆಕ್ಕ ಬಿಟ್ಟು ಬಂದಿದ್ದೆ. ಬರ್ತಿತ್ತು. ಹೊತ್ತು ಸಾಲಲಿಲ್ಲ” ಅಂದಳು. ಅಷ್ಟೇ. ಗೋಡೆಗೆ ಮುಖ ಮಾಡಿ ಮಲಗಿದಳು. ಅವ್ವ ರೊಟ್ಟಿ ಹಚ್ಚಿಕೊಟ್ಟದ್ದು ಹಾಗೇ ಉಳಿಯಿತು. ಅಪ್ಪ ತಡರಾತ್ರಿ ನಡೆದೇ ಬಂದು ಕೇಳಿ, “ಇರ್ಲಿ. ಅಂಕಿ ಅಂದ್ರ ಅಂಕಿ. ಬಿ.ಎಸ್ಸಿ. ಮಾಡ್ಲಿ” ಅಂದ. ಅವನಿಗೂ ಊಟ ಸೇರಲಿಲ್ಲ.

ಶುಕ್ರವಾರ ಮಳೆ ಕಡಿಮೆಯಾಯಿತು. ಲೋಕಲ್ ಓಡತೊಡಗಿದ ಸದ್ದು ಚಾಳಿನವರೆಗೆ ಕೇಳುತ್ತಿತ್ತು. ರಾತ್ರಿಯೆಲ್ಲ ಎದ್ದೇ ಇದ್ದ ಗಂಗಕ್ಕನಿಗೆ ಆಗಷ್ಟೇ ಜೊಂಪು ಹತ್ತಿತ್ತು. “ಹೊರಗ ಹೋಗಿ ಆಡ ಹೋಗು, ಈಗ ಅಕೀ ಕಣ್ಣ ಮುಚ್ಯಾವು” ಅಂತ ಅವ್ವ ನನ್ನನ್ನು ಹೊರಗೆ ಹಾಕಿದಳು. ಶಾಲೆಗೆ ಮಳೆಯ ರಜೆ. ಗ್ಯಾಲರಿಯ ಆ ತುದಿಯಲ್ಲಿ ಶಾಲಿನಿ ಕಾಕು ಮಕ್ಕಳನ್ನೆಲ್ಲ ಕೂರಿಸಿಕೊಂಡು ಹೌಸಿ ಆಡಿಸುತ್ತಿದ್ದಳು. ಅವಳ ತಮ್ಮ ಆ ವಾರ ತಾನೇ ಆ ಡಬ್ಬಿ ತಂದುಕೊಟ್ಟಿದ್ದ. ನಾನು ಅಲ್ಲಿಯವರೆಗೆ ಆ ಆಟ ನೋಡಿಯೇ ಇರಲಿಲ್ಲ. ಕೈಗೊಂದು ಅಂಕಿಗಳ ಚೀಟಿ, ಒಂದು ಹಿಡಿ ಹುಣಸೆಬೀಜ. ಕಾಕು ಡಬ್ಬಿಯೊಳಗಿನಿಂದ ಬಿಲ್ಲೆ ತೆಗೆದು ಅಂಕಿ ಕೂಗುತ್ತಾಳೆ, ಮೊದಲು ಮರಾಠಿಯಲ್ಲಿ ಇಡಿಯಾಗಿ, ಆಮೇಲೆ ಒಂದೊಂದೇ ಅಂಕಿ ಬಿಡಿಸಿ. ನಮ್ಮ ಚೀಟಿಯಲ್ಲಿ ಅದಿದ್ದರೆ ಮೇಲೆ ಬೀಜ ಇಡಬೇಕು. ಒಂದು ಸಾಲು ತುಂಬಿದವರು ‘ಲೈನ್’ ಅಂತ ಕೂಗಬೇಕು.

ನನ್ನ ಸಾಲಿನಲ್ಲಿ ಒಂದೇ ಮನೆ ಖಾಲಿ ಇತ್ತು. ಎಪ್ಪತ್ತೊಂದು.

“ಏಕೋಣಸತ್ತರ್!” ಅಂದಳು ಕಾಕು.

ಮುಂದಿನದನ್ನು ಯಾರು ಕೇಳುತ್ತಾರೆ? ಬೀಜ ಇಟ್ಟು “ಲೈನ್!” ಅಂತ ಚಾಳೆಲ್ಲ ಕೇಳುವ ಹಾಗೆ ಕಿರುಚಿದೆ. ಕಾಕು ನನ್ನ ಚೀಟಿ ತೆಗೆದುಕೊಂಡು ನೋಡಿದಳು. “ಅಗಂ, ಸೆವೆಂಟಿ ವನ್ ಆಲಾಚ್ ನಾಹೀ!” ಅದು ಬಂದೇ ಇಲ್ಲ ಅಂದಳು.

“ಆತ್ತಾಚ್ ಮ್ಹಟಲಂಸ್ ಕೀ, ಏಕೋಣಸತ್ತರ್!” ಈಗಷ್ಟೇ ನೀನೇ ಕೂಗಿದೆಯಲ್ಲ ಅಂತ ನಾನು.

ಮಕ್ಕಳೆಲ್ಲ ಹೋ ಅಂತ ನಕ್ಕರು. ಕಾಕು ಬಿಲ್ಲೆಯನ್ನು ನನ್ನ ಮೂಗಿನ ಕೆಳಗೆ ಹಿಡಿದಳು. ಆರು, ಒಂಬತ್ತು. “ವೇಡೇ, ಸತ್ತರ್‌ಲಾ ಏಕ್ ಕಮೀ.” ಹುಚ್ಚಿ, ಎಪ್ಪತ್ತಕ್ಕೆ ಒಂದು ಕಮ್ಮಿ.

ನಾವು ಕೂಡಿಸುವ ಜನ. ಈ ಭಾಷೆ ಅಲ್ಲಿ ಕಳೆಯುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಕೊನೆಗೆ ಒಂಬತ್ತು ಬಂದರೆ ಹೆಚ್ಚಾಗಿ ಮುಂದಿನ ಹತ್ತಕ್ಕೆ ಒಂದು ಕಮ್ಮಿ ಅನ್ನುತ್ತಾರಂತೆ. ನನ್ನ ಕೈಯಲ್ಲಿದ್ದ ಹುಣಸೆಬೀಜ ನೆಲಕ್ಕೆ ಬಿದ್ದವು. ಗಂಗಕ್ಕನಿಗೆ ಎಪ್ಪತ್ತು. ಲಿಸ್ಟು ನಿಂತದ್ದು ಅರವತ್ತೊಂಬತ್ತಕ್ಕೆ. ಅವಳಿಗೆ ಸೀಟು ಬಂದಿತ್ತು, ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಕಾಕುವಿನ ಖೋಲಿಯ ಗಡಿಯಾರ ನೋಡಿದೆ. ಹನ್ನೆರಡೂವರೆ. ಟೌನಿಗೆ ಹೋಗಲು ಒಂದು ಗಂಟೆ, ಬಹಳವಾದರೆ ಒಂದೂವರೆ.

ಈಗ ನೀವು ಓಡಬೇಕಿತ್ತು ಅನ್ನುತ್ತೀರಿ. ಓಡಿದೆ. ಮನೆಗಲ್ಲ, ಭಟ್ಟರ ಹೋಟೆಲಿಗೆ. ಇನ್ನೊಂದು ಸಲ ಫೋನ್ ಮಾಡಿ ಖಾತ್ರಿ ಮಾಡಿಕೊಂಡು ಆಮೇಲೆ ಹೇಳೋಣ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಎಪ್ಪತ್ತೊಂದೇ ಸರಿ ಅಂತ ಆ ಗುಮಾಸ್ತ ಹೇಳಲಿ ಅನ್ನುವ ಆಸೆ. ಅಕ್ಕನ ಸೀಟು ಹೋದರೂ ಹೋಗಲಿ, ತಪ್ಪು ನನ್ನದಾಗದಿರಲಿ ಅಂತ. ಹದಿನಾಲ್ಕು ವರ್ಷದವಳ ಹೊಟ್ಟೆಯಲ್ಲಿ ಎಂಥೆಂಥದು ಇರುತ್ತದೆ ನೋಡಿ.

“ಫೋನ್ ಡೆಡ್ಡು ಮಾರಾಯ್ತಿ,” ಅಂದರು ಭಟ್ಟರು. “ಕೇಬಲಿಗೆ ನೀರು ಹೋಗಿ ಉಂಟು. ಎಂತ, ಅರ್ಜೆಂಟಾ?”

“ಏನಿಲ್ರೀ.”

ಮನೆಗೆ ಬಂದೆ. ಅವ್ವ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟು, “ಎಬ್ಬಿಸಬ್ಯಾಡ ಅಕೀನ್ನ” ಅಂದಳು. ಆ ಮಾತು ನನಗೆ ಎಷ್ಟು ಹಿತವಾಗಿ ಕೇಳಿತು ಅಂದರೆ, ದೇವರೇ ಬಂದು ಅಪ್ಪಣೆ ಕೊಟ್ಟ ಹಾಗೆ. ಅಕ್ಕನ ಕಾಲ ಬಳಿ ಕೂತೆ. ಒಂದೂವರೆ ಆಯಿತು. ಎರಡು. ಅಪ್ಪನ ಕೈಯ ಏಟು ನೆನಪಾಗುತ್ತಿತ್ತು. ಗ್ಯಾಲರಿಯ ಮಕ್ಕಳ ನಗು ಇನ್ನೂ ಕಿವಿಯಲ್ಲಿತ್ತು. ಎರಡೂವರೆಗೆ ಅವಳ ಪಾದ ಮುಟ್ಟಿದೆ. ಅವಳು ನಿದ್ದೆಯಲ್ಲೇ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಮೂರಕ್ಕೆ ಎಬ್ಬಿಸುತ್ತೇನೆ ಅಂದುಕೊಂಡೆ. ಮೂರಾದ ಮೇಲೆ ಮೂರೂಕಾಲಿಗೆ ಅಂದುಕೊಂಡೆ. ಮೂರೂಮುಕ್ಕಾಲಿಗೂ ಓಡಿದರೆ ಸಿಗುತ್ತಿತ್ತೇನೋ. ನಾಲ್ಕಕ್ಕೆ ಇನ್ನು ಸಿಗುವುದಿಲ್ಲ ಅಂತ ಖಾತ್ರಿಯಾದಾಗ ಎದೆ ಹಗುರಾಯಿತು. ಹೌದು, ಹಗುರಾಯಿತು. ಅದನ್ನು ನಾನು ಇವತ್ತಿಗೂ ಮರೆತಿಲ್ಲ. ನಾಲ್ಕೂವರೆಗೆ ಗಂಗಕ್ಕ ಎದ್ದು ಚಹಾ ಕೇಳಿದಳು. ನಾನೇ ಮಾಡಿಕೊಟ್ಟೆ. ಚೆನ್ನಾಗಾಗಿದೆ ಅಂದಳು.

ಆರು ಗಂಟೆಗೆ ಅಪ್ಪ ಬಂದು ಅಂಗಿ ಕಳಚುತ್ತಿದ್ದಾಗ ಹೇಳಿದೆ. “ಅಪ್ಪಾ, ಏಕೋಣಸತ್ತರ್ ಅಂದ್ರ ಎಪ್ಪತ್ತೊಂದಲ್ಲಂತ. ಅರವತ್ತೊಂಬತ್ತಂತ.”

ಅಂಗಿ ಅರ್ಧ ತೋಳಿನಲ್ಲೇ ಉಳಿಯಿತು. “ಯಾವಾಗ ಗೊತ್ತಾತು?” ಅಂದ.

“ಈಗ. ಕಾಕು ಹೌಸಿ ಆಡಸುಮುಂದ.”

ಏಟು ಬೀಳಲಿಲ್ಲ. ಬಿದ್ದಿದ್ದರೆ ಒಳ್ಳೆಯದಿತ್ತು. ಗಂಗಕ್ಕ ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು. “ಬರ್ತಿತ್ತಲ್ಲ ಹಂಗಾದ್ರ,” ಅಂದಳು. “ನನಗ ಸೀಟು ಬಂದಿತ್ತಲ್ಲ ಹಂಗಾದ್ರ.” ಸಿಟ್ಟಿಲ್ಲ, ಆಶ್ಚರ್ಯ. ಸೀಟು ಬಂದದ್ದರ ಖುಷಿ ಅರ್ಧ ಕ್ಷಣ ಅವಳ ಮುಖಕ್ಕೆ ಬಂದು ಹೋದದ್ದನ್ನು ನಾನು ನೋಡಿದೆ.

ಶನಿವಾರ ಬೆಳಿಗ್ಗೆ ಅಪ್ಪ ರಜೆ ಹಾಕಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ಕಿಟಕಿಯ ಆಚೆ ಆ ದನಿಯ ಮನುಷ್ಯನೇ ಇದ್ದ. ಕನ್ನಡಕ, ಕಿವಿಯ ಹಿಂದೆ ಪೆನ್ಸಿಲು, ಕೆಟ್ಟವನಲ್ಲ. ಅಪ್ಪ ತನಗೆ ಬಂದ ಮರಾಠಿಯಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ರಿಜಿಸ್ಟರ್ ತಿರುಗಿಸಿ ನಮ್ಮ ಕಡೆ ಹಿಡಿದ. ಇಂಗ್ಲಿಷಿನಲ್ಲಿ ಗಂಗಕ್ಕನ ಪೂರ್ತಿ ಹೆಸರು, ಮುಂದೆ ಇನ್ನೂರಾ ಹತ್ತು, ಅದರ ಮುಂದೆ ಕೆಂಪು ಶಾಯಿಯಲ್ಲಿ ‘ಗೈರಹಜರ್’. ಅದು ನನಗೂ ತಿಳಿಯಿತು. ಕರೆದಾಗ ಬಂದಿಲ್ಲ ಅಂತ. ಅವಳ ಸೀಟು ಇನ್ನೊಬ್ಬ ಹುಡುಗನಿಗೆ ಹೋಗಿತ್ತು.

“ಕಾಲ್ ಪಾಚ್‌ಲಾ ಬಂದ್ ಝಾಲಂ, ಸಾಹೇಬ್,” ಅಂದ ಆ ಮನುಷ್ಯ. ನಿನ್ನೆ ಐದಕ್ಕೆ ಮುಚ್ಚಿತು. “ಚಾರ್ ವಾಜತಾ ಆಲಾ ಅಸತಾತ್ ತರೀ…” ನಾಲ್ಕಕ್ಕೆ ಬಂದಿದ್ದರೂ ಆಗುತ್ತಿತ್ತು ಅಂತ.

ನಾನು ನೆಲ ನೋಡುತ್ತಿದ್ದೆ.

ಕಿಟಕಿಯ ಈಚೆ ಕಡೆ ಅಪ್ಪ ನಿಂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಕಾಲಿಗೆ ಬೀಳುತ್ತಾನೋ, ಜಗಳ ತೆಗೆಯುತ್ತಾನೋ ಅಂದುಕೊಂಡಿದ್ದೆ. “ಬರೋಬರ್ ಆಹೇ,” ಸರಿಯೇ ಇದೆ ಅಂದು ಕೊಡೆ ಮಡಚಿದ. ವಾಪಸ್ ಬರುವಾಗ ಲೋಕಲಿನಲ್ಲಿ ಗಂಗಕ್ಕ ಕಿಟಕಿಯಿಂದ ಹೊರಗೆ ನೋಡುತ್ತ, “ಅವರು ನನ್ನ ಒಂದs ಒಂದು ಮಾತು ಕೇಳಬಹುದಿತ್ತಲ್ಲಪ್ಪಾ, ಎಲ್ಲಾ ಬರೇ ಅಂಕೀ ಮ್ಯಾಲೇನು?” ಅಂದಳು. ಅಪ್ಪ ಹೇಳಿದ. “ಅಂಕಿ ಇರಲಿಲ್ಲಂದ್ರ ಆ ಪುಸ್ತಕದಾಗ ನಿನ್ನ ಹೆಸರs ಬರ್ತಿರಲಿಲ್ಲವಾ. ಡಾಕ್ಟರ ಮಕ್ಕಳು, ಶೇಟ್‌ಜೀ ಮಕ್ಕಳು ಅಷ್ಟ ಇರ್ತಿದ್ರು.” ಆಮೇಲೆ ಮುಖ ತಿರುಗಿಸಿದ. ಅವನು ಅಳುತ್ತಿದ್ದ ಅಂತ ಗಂಗಕ್ಕ ಆಮೇಲೆ ಹೇಳಿದಳು. ನಾನು ನೋಡಲಿಲ್ಲ, ನೋಡುವ ಧೈರ್ಯ ಇರಲಿಲ್ಲ.

ಮುಂದಿನ ವರ್ಷ ಮತ್ತೆ ಯತ್ನಿಸಲಿಲ್ಲವೇ ಅನ್ನಬಹುದು. ಒಮ್ಮೆ ಬಿದ್ದ ಮಾರ್ಕಿಗೆ ಮರುವರ್ಷ ಬೆಲೆ ಇರಲಿಲ್ಲ, ಪರೀಕ್ಷೆಗೆ ಮತ್ತೆ ಕೂತು ಅಷ್ಟೇ ತರಬೇಕು ಅಂದರು. ಅದೇ ಹೊತ್ತಿಗೆ ಅವ್ವ ಹಾಸಿಗೆ ಹಿಡಿದಳು. ಗಂಗಕ್ಕ ಬಿ.ಎಸ್ಸಿ. ಮುಗಿಸಿ ಅಂಧೇರಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಮೂವತ್ತನಾಲ್ಕು ವರ್ಷ ಬೇರೆಯವರ ರಕ್ತ ನೋಡಿ ಅಂಕಿ ಬರೆದಳು, ಕೆಳಗೆ ಡಾಕ್ಟರು ಸಹಿ ಹಾಕಿದರು. ಚಾಳಿನ ಹೆಂಗಸರು ಡಾಕ್ಟರ್ ಬಾಯಿ ಅಂದರೆ ಪ್ರತಿ ಸಲವೂ ಅಲ್ಲ ಅಂತ ತಿದ್ದುತ್ತಿದ್ದಳು. ಧಾರಾವಿಯಿಂದ ನಮ್ಮ ಕಡೆಯ ಹೆಂಗಸರು ಹುಡುಕಿಕೊಂಡು ಬಂದು ಕಿವಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಎಲ್ಲ ಕೇಳಿಸಿಕೊಂಡು, ಚೀಟಿಯಲ್ಲಿ ಮರಾಠಿಯಲ್ಲಿ ಬರೆದು ಡಾಕ್ಟರ ಹತ್ತಿರ ಕಳಿಸುತ್ತಿದ್ದಳು. ಔಷಧ ಬರೆಯುವ ಅಧಿಕಾರ ಅವಳಿಗಿರಲಿಲ್ಲ.

ನನ್ನ ತಪ್ಪು ಮನೆಯಲ್ಲಿ ನಗೆಚಾಟಿಕೆಯಾಯಿತು. ಹಾಗಾಗಲು ಗಂಗಕ್ಕನೇ ಕಾರಣ. ಮದುವೆ, ಮುಂಜಿ ಎಲ್ಲಿ ಸೇರಿದರೂ “ನಮ್ಮ ಸುನಂದಿ ಲಿಸ್ಟಿಗೆ ಎರಡ ಪರ್ಸೆಂಟು ಹೆಚ್ಚ ಕೊಟ್ಟು ನನ್ನ ಪಾಸ್ ಆಗಗೊಡಲಿಲ್ಲ” ಅಂತ ಅವಳೇ ಶುರು ಮಾಡುವವಳು. ನನ್ನ ಗಂಡ, ಮಕ್ಕಳು, ಬೀಗರು ಎಲ್ಲರೂ ನಗುವವರು. ಎಲ್ಲರಿಗಿಂತ ಜೋರಾಗಿ ನಾನು. ತಿಳಿಯದೆ ಆದದ್ದಕ್ಕೆ ಮಗುವನ್ನು ಬೈಯಬಾರದು ಅಂತ ಅವಳು ಆ ಕತೆಯನ್ನು ನಗೆಯಾಗಿ ಮಾಡಿಟ್ಟಿದ್ದಳು. ತಿಳಿದ ಮೇಲೆ ನಾನು ಕೂತ ಆ ನಾಲ್ಕು ಗಂಟೆ ಅದರಲ್ಲಿ ಇರಲೇ ಇಲ್ಲ.

ಈ ಜುಲೈಯಲ್ಲಿ ನನಗೆ ಅರವತ್ತೊಂಬತ್ತು ತುಂಬಿತು. ಕೇಕಿನ ಮೇಲೆ ಆ ಅಂಕಿ ನೋಡಿ ಎಲ್ಲರೂ “ಏಕೋಣಸತ್ತರ್! ಏಕೋಣಸತ್ತರ್!” ಅಂತ ಚಪ್ಪಾಳೆ ತಟ್ಟಿದರು. ಇಶಾ ಇನ್ನೂ ಮುಖ ಊದಿಸಿಕೊಂಡಿದ್ದಳು. ಅವಳನ್ನು ನಗಿಸಲು ಗಂಗಕ್ಕ ಮತ್ತೆ ಪೂರ್ತಿ ಕತೆ ಹೇಳಿದಳು. ಇಶಾ ಎಲ್ಲ ಕೇಳಿ ನನ್ನ ಕಡೆ ತಿರುಗಿ, “ಬಟ್ ಅಜ್ಜಿ, ನಿನಗೆ ಯಾವಾಗ ಗೊತ್ತಾಯ್ತು? ಬಿಫೋರ್ ಫೈವ್ ಓರ್ ಆಫ್ಟರ್?” ಅಂದಳು. ಮೊಮ್ಮಕ್ಕಳು ಅಂದರೆ ಹೀಗೆ. ನಾನು ‘ಸಂಜೆ’ ಅಂದೆ. ಕೇಕಿನ ತಟ್ಟೆ ಬದಿಗಿಟ್ಟೆ.

ಮರುದಿನ ಬೆಳಿಗ್ಗೆ ಒಬ್ಬಳೇ ಗಂಗಕ್ಕನ ಮನೆಗೆ ಹೋದೆ. ಈಗಲೂ ಪಾರ್ಲೆಯಲ್ಲೇ ಇದ್ದಾಳೆ, ಲಿಫ್ಟ್ ಇರುವ ಬಿಲ್ಡಿಂಗು. ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ಎದುರು ಕೂತು ನಾನೂ ಒಂದು ಕಟ್ಟು ಎಳೆದುಕೊಂಡೆ, ಕೈಗೆ ಕೆಲಸ ಇದ್ದರೆ ಬಾಯಿ ಬರುತ್ತದೆ ಅಂತ. ಹನ್ನೆರಡೂವರೆ, ಹೌಸಿ, ಭಟ್ಟರ ಡೆಡ್ ಫೋನು, ಎಬ್ಬಿಸಬ್ಯಾಡ ಅಂದ ಅವ್ವ, ನಾಲ್ಕಕ್ಕೆ ಹಗುರಾದ ಎದೆ, ಒಂದೂ ಬಿಡದೆ ಹೇಳಿದೆ.

ಅವಳ ಕೈ ನಿಂತಿತು.

“ಹನ್ನೆರಡೂವರೀಗೆ?” ಅಂದಳು.

“ಹೂಂ.”

“ನಾ ಎದ್ದ ಮ್ಯಾಲೆ ಚಹಾ ಮಾಡಿಕೊಟ್ಟೆಲ್ಲಾ, ಆವಾಗೂ ಗೊತ್ತಿತ್ತು?”

“ಹೂಂ.”

ಅವಳು ಎಲೆ ಬಿಡಿಸಿದ ಕಡ್ಡಿಗಳನ್ನು ಒಂದೊಂದಾಗಿ ಪೇಪರಿನ ಮೇಲೆ ಸಾಲಾಗಿ ಇಡತೊಡಗಿದಳು. ಹೊರಗೆ ಯಾರದೋ ಕುಕ್ಕರ್ ಕೂಗಿತು. ಅವಳ ತಲೆ ತುಂಬ ಬೆಳ್ಳಗಾಗಿದೆ, ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ನಾನು ನನ್ನ ಹಳೆಯ ಅಭ್ಯಾಸಕ್ಕೆ ಬಿದ್ದೆ. ನಗುತ್ತ, “ಸಿಟ್ಟ ಬಂತೇನ ಅಕ್ಕಾ? ಇರ್ಲಿ ಬಿಡು ಸುನಂದಿ ಅಂತ ಒಂದ ಮಾತ ಅಂದುಬಿಡು, ನಾ ಹಗುರಾಗಿ ಮನೀಗೆ ಹೋಗ್ತೀನಿ” ಅಂದೆ.

ಗಂಗಕ್ಕ ತಲೆ ಎತ್ತಲಿಲ್ಲ.

“ತಡಿ,” ಅಂದಳು. “ನಿನಗ ಹೇಳಾಕ ಐವತ್ತೈದು ವರ್ಷ ಬೇಕಾತು. ನನಗ ಸಿಟ್ಟ ಮಾಡಾಕ ಒಂದೆರಡ ದಿನಾನಾರ ಕೊಡು.”